ಡೇರೆಗಳೂರಿನಿಂದ ಐದು ಭಾಷೆಗಳ ಸುದ್ದಿ

ಶಹೀದ್ ಅಲ್ ಹಾಫೆದ್. ಪಶ್ಚಿಮ ಸಹಾರಾದ ಸಹರಾವಿ ಜನರ ಸುದ್ದಿಸಂಸ್ಥೆ ಸಹಾರಾ ಪ್ರೆಸ್ ಸರ್ವಿಸ್‌ನ ಬಹಳಷ್ಟು ವರದಿಗಳು ಶುರುವಾಗುವುದು ಈ ಊರಿನ ಹೆಸರಿನಿಂದ. ಅದರ ಪಕ್ಕದಲ್ಲಿ ತಾರೀಖು, ಆವರಣದೊಳಗೆ ‘ಎಸ್‌ಪಿಎಸ್’ ಎಂಬ ಮೂರಕ್ಷರ, ಆಮೇಲೆ ಸುದ್ದಿ. ಯಾವುದೇ ದೇಶದ ಅಧಿಕೃತ ಸುದ್ದಿಸಂಸ್ಥೆಯ ವರದಿ ಇರುವುದೂ ಹೀಗೆಯೇ. ಆದರೆ ಈ ಊರು ಸಹರಾವಿಗಳ ಸ್ವಂತ ನೆಲದಲ್ಲಿಲ್ಲ. ಅಲ್ಜೀರಿಯಾದ ನೈಋತ್ಯ ಮೂಲೆಯ ತಿಂದೂಫ್ ಬಳಿ ಇರುವ ರಬೂನಿಗೆ ಅವರು ತಮ್ಮ ಹುತಾತ್ಮನೊಬ್ಬನ ನೆನಪಿಗೆ ಇಟ್ಟ ಹೆಸರದು. ದೇಶಭ್ರಷ್ಟ ಸರ್ಕಾರದ ಕಚೇರಿಗಳು ಇಲ್ಲಿವೆ. ಸುತ್ತಲೂ ಲಯೂನ್, ಸ್ಮಾರಾ, ದಾಖ್ಲಾ, ಔಸರ್ದ್, ಬೂಜ್ದೂರ್ ಎಂಬ ನಿರಾಶ್ರಿತರ ಶಿಬಿರಗಳಿವೆ. ಇವೆಲ್ಲ ಬಿಟ್ಟು ಬಂದ ಊರುಗಳ ಹೆಸರುಗಳು. ವಿಶ್ವಸಂಸ್ಥೆ 2018ರಲ್ಲಿ ಮಾಡಿದ ಅಂದಾಜಿನಂತೆ ಇಲ್ಲಿ ನೆಲೆಸಿರುವವರು 1,73,600 ಮಂದಿ.

ಪಶ್ಚಿಮ ಸಹಾರಾ ಸ್ಪೇನಿನ ವಸಾಹತಾಗಿತ್ತು. 1975ರ ನವೆಂಬರಿನಲ್ಲಿ ಮೊರೊಕ್ಕೊ ದೊರೆ ಎರಡನೇ ಹಸನ್ ಸುಮಾರು ಮೂರೂವರೆ ಲಕ್ಷ ಜನರನ್ನು ಗಡಿಯತ್ತ ನಡೆಸಿದ. ಸ್ಪೇನ್ ಆ ನೆಲವನ್ನು ಮೊರೊಕ್ಕೊ ಮತ್ತು ಮಾರಿಟಾನಿಯಾಗಳಿಗೆ ಒಪ್ಪಿಸಿ ಕೈತೊಳೆದುಕೊಂಡಿತು. 1973ರಲ್ಲಿ ಹುಟ್ಟಿದ್ದ ಪೊಲಿಸಾರಿಯೊ ಸಂಘಟನೆ 1976ರ ಫೆಬ್ರುವರಿ 27ರಂದು ಸಹರಾವಿ ಗಣರಾಜ್ಯವನ್ನು ಘೋಷಿಸಿ ಯುದ್ಧ ಮುಂದುವರಿಸಿತು. ಆ ವರ್ಷಗಳಲ್ಲಿ ಸಹರಾವಿಗಳ ದನಿಯಾಗಿದ್ದದ್ದು ರೇಡಿಯೊ. ಶಿಬಿರದಲ್ಲಿದ್ದವರಿಗೆ, ಮರಳಿನಲ್ಲಿ ಅಲೆಯುವವರಿಗೆ, ಗಡಿಯಾಚೆ ಉಳಿದ ನೆಂಟರಿಗೆ ತಲುಪುತ್ತಿದ್ದದ್ದು ಮುಖ್ಯವಾಗಿ ಅದೇ.

1991ರ ಸೆಪ್ಟೆಂಬರಿನಲ್ಲಿ ಕದನವಿರಾಮವಾಯಿತು. ಜನಮತಗಣನೆ ನಡೆಸಲು ವಿಶ್ವಸಂಸ್ಥೆಯ ತಂಡ ಬಂತು. ಮತ ಹಾಕುವವರು ಯಾರು ಎಂಬ ಪ್ರಶ್ನೆಯಲ್ಲೇ ಆ ದಶಕ ಕಳೆದುಹೋಯಿತು. ಕೊನೆಗೆ ಸುಮಾರು 86,000 ಹೆಸರುಗಳ ಪಟ್ಟಿ ಸಿದ್ಧವಾದಾಗ, ಕೈಬಿಟ್ಟವರ ಪರವಾಗಿ ಒಂದು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು ಮೇಲ್ಮನವಿಗಳು ಬಂದವು. ಯುದ್ಧಭೂಮಿಯಿಂದ ಎದ್ದ ಜಗಳ ಕಡತಗಳಿಗೂ ಸಭೆಗಳಿಗೂ ಬಂದು ಕೂತಿತ್ತು. ಹೊರಗಿನ ಜಗತ್ತಿಗೆ ಬರೆದು ಹೇಳಬೇಕಾದ ಕಾಲ ಅದು. ಸಹಾರಾ ಪ್ರೆಸ್ ಸರ್ವಿಸ್ ಹುಟ್ಟಿದ್ದು ಆಗಲೇ, 1999ರಲ್ಲಿ. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಅದು ಅಂತರಜಾಲಕ್ಕೂ ಬಂತು. ಮನೆಗಳಲ್ಲಿ ಸೌರಫಲಕಕ್ಕೆ ಲಾರಿ ಬ್ಯಾಟರಿ ಜೋಡಿಸಿಕೊಂಡು ದೀಪ ಹಚ್ಚಿಕೊಳ್ಳುತ್ತಿದ್ದ ಶಿಬಿರಗಳ ಜನಕ್ಕೆ ಇದು ಸಣ್ಣ ಸಾಹಸವಲ್ಲ.

ಈಗ ಸಂಸ್ಥೆಯ ಸುದ್ದಿ ಅರಬ್ಬಿ, ಸ್ಪ್ಯಾನಿಷ್, ಫ್ರೆಂಚ್, ಇಂಗ್ಲಿಷ್ ಮತ್ತು ರಷ್ಯನ್ ಭಾಷೆಗಳಲ್ಲಿ ಬರುತ್ತದೆ. ನಿರಾಶ್ರಿತರ ಪುಟ್ಟ ಸಂಸ್ಥೆಗೆ ಇಷ್ಟೊಂದು ಭಾಷೆ ಯಾಕೆ? ಪ್ರತಿಯೊಂದಕ್ಕೂ ಕೇಳುಗರಿದ್ದಾರೆ. ಅರಬ್ಬಿ ಸ್ವಂತ ಜನಕ್ಕೆ, ನೆರೆಹೊರೆಗೆ. ಫ್ರೆಂಚ್ ಅಲ್ಜೀರಿಯಾಕ್ಕೆ, ಪಶ್ಚಿಮ ಆಫ್ರಿಕಾಕ್ಕೆ, ಮೊರೊಕ್ಕೊದ ಬೆನ್ನಿಗೆ ನಿಂತಿರುವ ಫ್ರಾನ್ಸಿನ ಓದುಗರಿಗೆ. ಇಂಗ್ಲಿಷ್ ನ್ಯೂಯಾರ್ಕಿನ ವಿಶ್ವಸಂಸ್ಥೆಗೆ. ರಷ್ಯಾಕ್ಕೆ ಭದ್ರತಾ ಮಂಡಳಿಯಲ್ಲಿ ವಿಟೊ ಅಧಿಕಾರವಿದೆ.

ಸ್ಪ್ಯಾನಿಷ್‌ನ ಬೇರು ಇವೆಲ್ಲಕ್ಕಿಂತ ಆಳ. ಅದು ಆಳಿದವರ ಭಾಷೆ ನಿಜ. ಆದರೆ ಸಾವಿರಾರು ಸಹರಾವಿ ಮಕ್ಕಳು ಕ್ಯೂಬಾಕ್ಕೆ ಹೋಗಿ ಓದಿ, ವೈದ್ಯರೂ ಶಿಕ್ಷಕರೂ ಆಗಿ ಮರಳಿದ್ದು ಅದೇ ಭಾಷೆಯಲ್ಲಿ. ಪ್ರತಿ ಬೇಸಿಗೆಯಲ್ಲೂ ಶಿಬಿರದ ಮಕ್ಕಳು ಸ್ಪೇನಿನ ಕುಟುಂಬಗಳಲ್ಲಿ ಎರಡು ತಿಂಗಳು ಉಳಿದು ಬರುತ್ತಾರೆ. ಆ ಮನೆಗಳವರು ಈ ಸುದ್ದಿಗಳನ್ನು ಓದುತ್ತಾರೆ, ತಮ್ಮ ಸರ್ಕಾರವನ್ನು ಪ್ರಶ್ನಿಸುತ್ತಾರೆ.

ದೇಶ ಕೈಗೆ ಬರುವ ಮೊದಲೇ ಸುದ್ದಿಸಂಸ್ಥೆ ಕಟ್ಟಿದವರಲ್ಲಿ ಸಹರಾವಿಗಳು ಮೊದಲಿಗರಲ್ಲ. ಅಲ್ಜೀರಿಯಾದ ಎಪಿಎಸ್ ಶುರುವಾದದ್ದು 1961ರ ಡಿಸೆಂಬರಿನಲ್ಲಿ, ಟ್ಯೂನಿಸ್ ನಗರದಲ್ಲಿ, ಸ್ವಾತಂತ್ರ್ಯ ಬರುವ ಮುಂಚೆ. ಅವರಿಗೆ ಏಳೇ ತಿಂಗಳಲ್ಲಿ ದೇಶ ಸಿಕ್ಕಿತು. ಇವರು ಕಾಯುತ್ತಲೇ ಇದ್ದಾರೆ.

ಎಸ್‌ಪಿಎಸ್ ಒಂದು ಪಕ್ಷದ ದನಿ. ಅದನ್ನು ಓದುವವರು ಇದನ್ನು ಮರೆಯಬಾರದು. ಉದಾಹರಣೆಗೆ, 2010ರ ಅಕ್ಟೋಬರಿನಲ್ಲಿ ಮೊರೊಕ್ಕೊ ಹಿಡಿತದಲ್ಲಿರುವ ಲಯೂನ್ ನಗರದ ಹೊರಗೆ, ಗ್ದೆಯ್ಮ್ ಇಜಿಕ್‌ನಲ್ಲಿ, ಸಾವಿರಾರು ಸಹರಾವಿಗಳು ಡೇರೆ ಹಾಕಿ ಕೆಲಸಕ್ಕೂ ವಸತಿಗೂ ಒತ್ತಾಯಿಸಿ ಕೂತರು. ನವೆಂಬರ್ 8ರ ಬೆಳಗ್ಗೆ ಮೊರೊಕ್ಕೊದ ಭದ್ರತಾ ಪಡೆಗಳು ಶಿಬಿರವನ್ನು ಕಿತ್ತುಹಾಕಿದವು. ಪೊಲಿಸಾರಿಯೊ ಹತ್ತಾರು ಸಾವುಗಳೆಂದಿತು. ಹ್ಯೂಮನ್ ರೈಟ್ಸ್ ವಾಚ್ ಹೇಳಿದ್ದು ಭದ್ರತಾ ಸಿಬ್ಬಂದಿ 11, ನಾಗರಿಕರು ಕನಿಷ್ಠ ಇಬ್ಬರು ಎಂದು. ಅಂತರ ದೊಡ್ಡದು. ಆದರೆ ಆ ದಿನಗಳಲ್ಲಿ ವಿದೇಶಿ ಪತ್ರಕರ್ತರನ್ನು ಮೊರೊಕ್ಕೊ ಅಲ್ಲಿಗೆ ಬಿಡಲಿಲ್ಲ ಎಂಬುದೂ ಅಷ್ಟೇ ನಿಜ. ಸ್ವತಂತ್ರ ವರದಿಗಾರರನ್ನು ದೂರವಿಟ್ಟವರು ಎದುರಾಳಿಯ ಲೆಕ್ಕ ತಪ್ಪೆಂದು ದೂರಿದರೆ ಆ ದೂರಿಗೆ ತೂಕ ಕಡಿಮೆ. 2019ರಲ್ಲಿ ‘ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್’ ತನ್ನ ವರದಿಯಲ್ಲಿ ಪಶ್ಚಿಮ ಸಹಾರಾವನ್ನು ಪತ್ರಿಕೋದ್ಯಮದ ಮರುಭೂಮಿ ಎಂದೇ ಕರೆಯಿತು. ಅಲ್ಲಿ ಮಾಳಿಗೆಗಳ ಮೇಲೆ ಅಡಗಿ ಪ್ರತಿಭಟನೆಗಳನ್ನು ಚಿತ್ರೀಕರಿಸುವ ‘ಎಕಿಪ್ ಮೀಡಿಯಾ’ದಂಥ ಗುಂಪಿನ ಯುವಕರು ಜೈಲು ಕಂಡಿದ್ದಾರೆ.

2020ರ ನವೆಂಬರ್ 13ರಂದು ಗೆರ್ಗೆರಾತ್ ಗಡಿದಾರಿಯಲ್ಲಿ ಮೊರೊಕ್ಕೊ ಸೇನೆ ಮುನ್ನುಗ್ಗಿದಾಗ ಕದನವಿರಾಮ ಮುರಿದುಬಿತ್ತು. ಅಲ್ಲಿಂದ ಎಸ್‌ಪಿಎಸ್‌ನಲ್ಲಿ ಕ್ರಮಸಂಖ್ಯೆ ಹಾಕಿದ ಸೇನಾ ಪ್ರಕಟಣೆಗಳು ಬರತೊಡಗಿದವು: ಸುಮಾರು 2,700 ಕಿ.ಮೀ. ಉದ್ದಕ್ಕೆ ಮೊರೊಕ್ಕೊ ಕಟ್ಟಿದ ಮರಳುಗೋಡೆಯ ಯಾವ ಭಾಗದ ಮೇಲೆ ದಾಳಿಯಾಯಿತು ಎಂಬ ಪಟ್ಟಿ. ಮೊರೊಕ್ಕೊ ಬಹುಕಾಲ ಯುದ್ಧವೇ ಇಲ್ಲವೆಂಬಂತೆ ನಡೆದುಕೊಂಡಿತು. ಎರಡರ ನಡುವಿನ ಸತ್ಯವನ್ನು ಸ್ಥಳಕ್ಕೆ ಹೋಗಿ ನೋಡುವವರು ಅಪರೂಪ.

ಭಾರತಕ್ಕೂ ಈ ಕಥೆಯಲ್ಲಿ ಪಾಲಿದೆ. 1976ರ ಜುಲೈನಲ್ಲಿ ಅಲಿಪ್ತ ದೇಶಗಳ ಸುದ್ದಿಸಂಸ್ಥೆಗಳ ಒಕ್ಕೂಟಕ್ಕೆ ಒಪ್ಪಿಗೆ ಸಿಕ್ಕಿದ್ದು ನವದೆಹಲಿಯ ಸಭೆಯಲ್ಲಿ. ಬಡ ದೇಶಗಳ ಸುದ್ದಿಯನ್ನು ಅವರೇ ಹೇಳಬೇಕು ಎಂಬುದು ಅಲ್ಲಿನ ಮಾತು. 1985ರಲ್ಲಿ ಭಾರತ ಸಹರಾವಿ ಗಣರಾಜ್ಯಕ್ಕೆ ಮಾನ್ಯತೆ ಕೊಟ್ಟಿತು, 2000ದಲ್ಲಿ ಹಿಂತೆಗೆದುಕೊಂಡಿತು. ಆಮೇಲೆ ನಮ್ಮ ಪತ್ರಿಕೆಗಳಲ್ಲಿ ಈ ಜನರ ಸುದ್ದಿ ಬಂದದ್ದೇ ಕಡಿಮೆ. ಬಂದಾಗ ಅದು ಮೊರೊಕ್ಕೊ ರಾಜಧಾನಿ ರಬಾತ್‌ನಿಂದ ಬಂತೋ ಶಹೀದ್ ಅಲ್ ಹಾಫೆದ್‌ನಿಂದ ಬಂತೋ ನೋಡಿ, ಸಾಧ್ಯವಾದರೆ ಎರಡೂ ಕಡೆಯದನ್ನು ಓದಿ.