ಲಾರಿ ಚಾಲಕನ ದುಡಿಮೆ ಮತ್ತು ಕುಟುಂಬದ ಕ್ಷೇಮ



ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನೀರಿನಿಂದ ಬೆಳೆಯುವ ಕಬ್ಬು ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲ್ಲೂಕುಗಳ ಜೀವಾಳವಾಗಿದೆ. ದೀಪಾವಳಿಯ ಆಸುಪಾಸಿನಲ್ಲಿ ಸಕ್ಕರೆ ಕಾರ್ಖಾನೆಗಳು ಕಬ್ಬು ಅರೆಯಲಾರಂಭಿಸಿದೊಡನೆ ಲಾರಿಗಳೂ ಟ್ರ್ಯಾಕ್ಟರುಗಳೂ ಹಗಲಿರುಳೆನ್ನದೆ ಓಡುತ್ತವೆ. ಇತರ ದಿನಗಳಲ್ಲಿ ಇದೇ ತೆರೆದ ಲಾರಿಗಳು ಮಹಾಲಿಂಗಪುರದ ಬೆಲ್ಲವನ್ನೋ, ಕಲ್ಲು, ಕಬ್ಬಿಣ, ಸಿಮೆಂಟುಗಳನ್ನೋ ಹೊತ್ತು ದೂರದ ಊರುಗಳಿಗೆ ಸಾಗುತ್ತವೆ.

ಚಾಲಕನ ವೃತ್ತಿ ಗೌರವದ ವೃತ್ತಿ. ತುಂಡು ಭೂಮಿಯ ಕುಟುಂಬಕ್ಕೆ ಅದು ಕೈಯಲ್ಲಿ ಹಣ ನಿಲ್ಲಿಸುತ್ತದೆ. ಮಕ್ಕಳ ಶಾಲೆಗೆ, ಮನೆಯ ಮಾಳಿಗೆಗೆ ಆಧಾರವಾಗುತ್ತದೆ. ಆದರೆ ಈ ಸಂಪಾದನೆಯ ಬೆಲೆಯನ್ನು ಚಾಲಕನ ದೇಹವೂ ಆತನ ಮಡದಿ ಮಕ್ಕಳೂ ತೆರಬೇಕಾಗುತ್ತದೆ. ಆ ಬೆಲೆಯನ್ನು ಕಡಿಮೆ ಮಾಡುವ ಮಾರ್ಗಗಳನ್ನು ಇಲ್ಲಿ ವಿವರಿಸಲಾಗಿದೆ.

ನಿದ್ರೆ

ಕಡಿದ ಕಬ್ಬು ತಡವಾದಷ್ಟೂ ಒಣಗಿ ತೂಕ ಕಳೆದುಕೊಳ್ಳುತ್ತದೆ. ಚಾಲಕನಿಗೆ ಸಿಗುವ ಹಣವೋ ಬಹುತೇಕ ಟ್ರಿಪ್ಪಿನ ಲೆಕ್ಕದಲ್ಲಿ. ಆದುದರಿಂದಲೇ ಈ ಆತುರ. ಕಾರ್ಖಾನೆಯ ಅಂಗಳದಲ್ಲಿ ಸರದಿಗಾಗಿ ತಾಸುಗಟ್ಟಲೆ ಕಾದು, ನಿದ್ರೆಗೆಟ್ಟ ಕಣ್ಣಿನಿಂದ ಮತ್ತೆ ಹೊಲಕ್ಕೆ ಹೊರಡುವುದು ಅಪಾಯಕರ. ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ ತೂಕಡಿಕೆ ಹೆಚ್ಚು. ಚಹಾ, ಗುಟ್ಕಾ, ಬೀಡಿಗಳು ನಿದ್ರೆಗೆ ಬದಲಾಗಲಾರವು. ರೆಪ್ಪೆ ಭಾರವಾದಾಗ ಲಾರಿಯನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ಅರ್ಧ ಗಂಟೆ ಮಲಗಿರಿ. ಸಾರಿಗೆ ಕಾರ್ಮಿಕನ ದುಡಿಮೆ ದಿನಕ್ಕೆ 8 ಗಂಟೆ ಮೀರಬಾರದೆಂದು 1961ರಷ್ಟು ಹಿಂದೆಯೇ ಶಾಸನವು ವಿಧಿಸಿತ್ತೆಂಬುದನ್ನು ನೆನಪಿಡಿರಿ.

ಹೊರೆ

ತೆರೆದ ಲಾರಿಯಲ್ಲಿ ಹೊರೆಯನ್ನು ಹಿಡಿದಿಡುವುದು ಹಗ್ಗ ಮತ್ತು ಸರಪಳಿಗಳೇ. ಭಾರವು ಒಂದು ಬದಿಗೆ ವಾಲದಂತೆ ಹೇರಿಸಿರಿ. ಹೊರಟು ಕೆಲವು ಕಿಲೋಮೀಟರ್ ಸಾಗಿದ ಮೇಲೆ ಹೊರೆ ಕುಸಿದು ಹಗ್ಗ ಸಡಿಲಾಗುವುದರಿಂದ ಮತ್ತೊಮ್ಮೆ ಬಿಗಿಯಿರಿ. ಮಿತಿ ಮೀರಿ ಹೇರಿದ ಲಾರಿ ಬ್ರೇಕ್ ಒತ್ತಿದಾಗ ಬೇಗ ನಿಲ್ಲದು. ಟಾಯರು ಸಿಡಿಯುವುದೂ ಉಂಟು. ಇರುಳಿನಲ್ಲಿ ದೀಪವಿಲ್ಲದೆ ನಿಂತ ಕಬ್ಬಿನ ಗಾಡಿಗೆ ಹಿಂದಿನಿಂದ ಬರುವ ಬೈಕ್ ಸವಾರ ಬಲಿಯಾಗುತ್ತಾನೆ. ಗಾಡಿಯ ಹಿಂಭಾಗಕ್ಕೆ ಕೆಂಪು ಪ್ರತಿಫಲಕ ಪಟ್ಟಿ ಹಚ್ಚಿಸುವುದು ಅಲ್ಪ ವೆಚ್ಚದ ಕೆಲಸ. ಉಳಿಯುವುದು ಒಂದು ಜೀವ. ಅಪಘಾತವಾದಲ್ಲಿ 108ಕ್ಕೆ ಕರೆ ಮಾಡಿರಿ.

ಆಹಾರ ಮತ್ತು ದೇಹ

ಸದಾ ಕುಳಿತು ಓಡಿಸುವುದರಿಂದ ಸೊಂಟನೋವು, ನೀರು ಕಡಿಮೆ ಕುಡಿದು ಮೂತ್ರ ತಡೆಯುವುದರಿಂದ ಮೂತ್ರಕೋಶದ ತೊಂದರೆಗಳು ಬರುತ್ತವೆ. ತಾಯಂದಿರೇ, ಕಟಕ ರೊಟ್ಟಿ, ಶೇಂಗಾ ಚಟ್ನಿ, ಕಾಳಿನ ಪಲ್ಯದ ಬುತ್ತಿ ಕಟ್ಟಿ ಕಳಿಸಿರಿ. ಜೊತೆಗೆ ನೀರಿನ ಕ್ಯಾನೂ ಇರಲಿ. ಕಣ್ಣು, ರಕ್ತದೊತ್ತಡ, ಸಕ್ಕರೆ ಅಂಶಗಳನ್ನು ವರ್ಷಕ್ಕೊಮ್ಮೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿಕೊಳ್ಳಿರಿ.

ಅಗಲಿಕೆ

ವಾರಗಟ್ಟಲೆ ಮನೆಯಿಂದ ದೂರವಿರುವವನಿಗೆ ಮದ್ಯ ಮತ್ತು ಪರಸ್ತ್ರೀ ಸಂಗದ ಸೆಳೆತಗಳುಂಟು. ಇದನ್ನು ಮುಚ್ಚಿಡುವುದರಿಂದ ಯಾರಿಗೂ ಹಿತವಿಲ್ಲ. ಲೈಂಗಿಕ ರೋಗಗಳೂ ಎಚ್.ಐ.ವಿ. ಸೋಂಕೂ ಗಂಡನಿಂದ ಏನೂ ಅರಿಯದ ಹೆಂಡತಿಗೆ, ಆಕೆಯಿಂದ ಗರ್ಭದ ಶಿಶುವಿಗೆ ತಲುಪಬಲ್ಲವು. ನಿಷ್ಠೆಯೇ ಉತ್ತಮ ರಕ್ಷಣೆ. ನಿರೋಧ್ ಬಳಕೆಯೂ ರಕ್ಷಣೆ ನೀಡುತ್ತದೆ. ಸಂಶಯವಿದ್ದಲ್ಲಿ ಇಬ್ಬರೂ ಒಟ್ಟಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿರಿ. ಪರೀಕ್ಷೆ ಉಚಿತ, ಫಲಿತಾಂಶ ಗುಪ್ತ. 2004ರಿಂದ ಸರ್ಕಾರವು ಚಿಕಿತ್ಸೆಯನ್ನೂ ಉಚಿತವಾಗಿ ನೀಡುತ್ತಿದೆ. ಸಮಯಕ್ಕೆ ಸರಿಯಾಗಿ ಔಷಧಿ ಸೇವಿಸಿದ ತಾಯಿಯ ಮಗು ಸೋಂಕಿಲ್ಲದೆ ಹುಟ್ಟುವ ಸಂಭವವೇ ಹೆಚ್ಚು. 1097 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಸಲಹೆ ಪಡೆಯಬಹುದು.

ಸಂತಾನ ಯೋಜನೆ

ಗಂಡನು ಊರಿನಲ್ಲಿಲ್ಲದಾಗ ಬಸಿರು, ಬಾಣಂತನ, ಹೊಲ, ದನಕರುಗಳೆಲ್ಲವೂ ಒಬ್ಬಳ ಹೆಗಲಿಗೇ ಬೀಳುತ್ತವೆ. ಎರಡು ಹೆರಿಗೆಗಳ ನಡುವೆ ಕನಿಷ್ಠ 3 ವರ್ಷ ಅಂತರವಿದ್ದರೆ ತಾಯಿಗೂ ಮಗುವಿಗೂ ಚೇತರಿಕೆ. ಇದಕ್ಕೆ ಕಾಪರ್-ಟಿ ಅಥವಾ ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು ಸರ್ಕಾರಿ ಆಸ್ಪತ್ರೆಗಳಲ್ಲಿ ಲಭ್ಯ.

ಇನ್ನು ಮಕ್ಕಳು ಸಾಕೆಂದು ನಿರ್ಧರಿಸಿದವರಲ್ಲಿ ಪುರುಷರೂ ಮುಂದೆ ಬರಬೇಕು. ಕತ್ತರಿ ಹಾಕದೆ, ಹೊಲಿಗೆಯಿಲ್ಲದೆ ನಡೆಯುವ ಪುರುಷ ಸಂತಾನಹರಣ ಚಿಕಿತ್ಸೆ ಸರಳ; ಅದೇ ದಿನ ಮನೆಗೆ ಮರಳಬಹುದು. ಪುರುಷತ್ವಕ್ಕಾಗಲಿ ದುಡಿಯುವ ಶಕ್ತಿಗಾಗಲಿ ಕುಂದಿಲ್ಲ. ಆದರೆ ಮೂರು ತಿಂಗಳು ಕಳೆದು ವೀರ್ಯ ಪರೀಕ್ಷೆಯಾಗುವವರೆಗೆ ನಿರೋಧ್ ಬಳಸಲೇಬೇಕು. ಕೆಲವು ದಿನ ಭಾರ ಎತ್ತಬಾರದಾದ್ದರಿಂದ ಹಂಗಾಮು ಮುಗಿದು ಲಾರಿ ನಿಂತಿರುವ ಬೇಸಿಗೆಯೇ ಇದಕ್ಕೆ ತಕ್ಕ ಕಾಲ.

ಸಂಪಾದನೆ

ಹಂಗಾಮಿನ ಹಣವು ಮಳೆಗಾಲದಲ್ಲಿಯೂ ಉಣ್ಣಬೇಕಾದ ಹಣ. ಮನೆಗೆ ಬಂದೊಡನೆ ಇಬ್ಬರೂ ಕುಳಿತು ಲೆಕ್ಕ ಮಾಡಿರಿ. ಒಂದು ಪಾಲನ್ನು ಹೆಂಡತಿಯ ಹೆಸರಿನ ಖಾತೆಯಲ್ಲಿಡಿರಿ. ಲೈಸೆನ್ಸು, ವಾಹನದ ವಿಮೆಗಳ ಅವಧಿ ಮುಗಿಯದಂತೆ ನೋಡಿಕೊಳ್ಳಿರಿ. ಖಾಸಗಿ ಚಾಲಕರ ಅಪಘಾತ ಪರಿಹಾರದ ಕುರಿತು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿರಿ. ಆ ಕಾಗದಗಳಿರುವ ಜಾಗ ಮನೆಯಾಕೆಗೂ ತಿಳಿದಿರಲಿ.

ಒಂದು ಟ್ರಿಪ್ಪು ಕಡಿಮೆಯಾದರೆ ಆ ನಷ್ಟವನ್ನು ಮುಂದಿನ ವಾರ ತುಂಬಿಕೊಳ್ಳಬಹುದು. ಮನೆಯ ಯಜಮಾನನ ಕೊರತೆಯನ್ನು ಯಾವ ಹಂಗಾಮೂ ತುಂಬಿಕೊಡಲಾರದು. ಹೆಚ್ಚಿನ ಮಾಹಿತಿಗಾಗಿ ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಅಥವಾ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಿರಿ.