ಪ್ಯಾರಿಸ್ಸಿನ ಉಡುಪು, ಧಾರವಾಡದ ಕಸೂತಿ

ಫ್ರಾನ್ಸಿನ ಉಡುಪಿನ ಕೀರ್ತಿಗೆ ಸೊಗಸಷ್ಟೇ ಕಾರಣವಲ್ಲ. ಲಂಡನ್ನಿನ ಜವಳಿ ಅಂಗಡಿಗಳಲ್ಲಿ ಗುಮಾಸ್ತನಾಗಿದ್ದ ಚಾರ್ಲ್ಸ್ ವರ್ತ್ 1858ರಲ್ಲಿ ಪ್ಯಾರಿಸ್ಸಿನಲ್ಲಿ ಮಳಿಗೆ ತೆರೆದು, ಉಡುಪುಗಳಿಗೆ ತನ್ನ ಹೆಸರಿನ ಪಟ್ಟಿ ಹೊಲಿಸಿದನು. 1868ರಲ್ಲಿ ಅಲ್ಲಿನ ತಯಾರಕರು ಸಂಘ ಕಟ್ಟಿದರು. 1945ರಿಂದ ‘ಓತ್ ಕುತ್ಯೂರ್’ ಎಂಬ ಹೆಸರನ್ನು ಮಾನ್ಯತೆ ಪಡೆದವರಷ್ಟೇ ಬಳಸಬಹುದು.

ಎಳೆ ಎಣಿಸಿ ಹಾಕುವ ಧಾರವಾಡ ಸೀಮೆಯ ಕಸೂತಿಗೂ ಭೌಗೋಳಿಕ ಸೂಚಕದ ರಕ್ಷಣೆಯಿದೆ. ಆದರೂ ಯಂತ್ರದ ಹೊಲಿಗೆ ಅದೇ ಹೆಸರಿನಲ್ಲಿ ಮಾರಾಟವಾಗುತ್ತಿದೆ. ನಷ್ಟ ಗವಂತಿ, ಮುರಗಿ ಹಾಕುವ ಹೆಣ್ಣುಮಕ್ಕಳದು. 1999ರ ಕಾಯ್ದೆಯು ಕರಕುಶಲ ವಸ್ತುಗಳ ವರ್ತಕರನ್ನೂ ‘ಉತ್ಪಾದಕ’ರೆಂದೇ ಗಣಿಸುತ್ತದೆ, ಅನೇಕರು ಇದನ್ನು ಅರಿಯರು. 1997ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಜವಳಿ ವರ್ತಕರು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳುವ ಮೊದಲು, ಕಸೂತಿ ಹಾಕಿಸುವ ಊರು ನೋಂದಾಯಿತ ಪ್ರದೇಶದೊಳಗಿದೆಯೇ ಎಂದು ಪರಿಶೀಲಿಸುವುದು ಅವಶ್ಯ. ನೋಂದಣಿ 10 ವರ್ಷಕ್ಕೆ ಸೀಮಿತ, ನವೀಕರಣಕ್ಕೆ ಅವಕಾಶವಿದೆ.