ನಾಲ್ಕು ವಿಮಾನ, ಒಂದು ನಡುರಾತ್ರಿ

ಮುಂಬಯಿ, ಕಲ್ಕತ್ತ, ಮದ್ರಾಸು ಮೂರೂ ಕಡಲ ಕಡೆಯ ಊರುಗಳು. ದಿಲ್ಲಿ ದೂರದ ಉತ್ತರದಲ್ಲಿ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಇವುಗಳ ನಡುವೆ ಟಪಾಲು ಓಡಾಡುತ್ತಿದ್ದುದು ಹೆಚ್ಚಾಗಿ ರೈಲಿನಲ್ಲಿ. ಸಂಜೆ ಡಬ್ಬಿಗೆ ಹಾಕಿದ ಕಾಗದ ಮರುದಿನವೇ ಕೈಸೇರಬೇಕಾದರೆ ರಾತ್ರಿಯೇ ಹಾರಬೇಕು. ಆದರೆ ಎಲ್ಲಿಂದ ಎಲ್ಲಿಗೆ?

ನಾಲ್ಕು ನಗರಗಳನ್ನು ನೇರವಾಗಿ ಜೋಡಿಸಿದರೆ ಆರು ಮಾರ್ಗ, ಹೋಗಿಬರಲು ಹನ್ನೆರಡು ಹಾರಾಟ. ಮದ್ರಾಸು–ದಿಲ್ಲಿ ಒಂದೇ 1,700 ಕಿ.ಮೀ. ಮೀರುತ್ತದೆ; ಆಗಿನ ಡಕೋಟಾ ವಿಮಾನಗಳ ವೇಗ ಗಂಟೆಗೆ ಸುಮಾರು 300 ಕಿ.ಮೀ. ಈ ಪ್ರಶ್ನೆಗೆ ಉತ್ತರ ದೇಶದ ನಕ್ಷೆಯ ನಡುಮಧ್ಯದಲ್ಲೇ ಇತ್ತು: ನಾಗಪುರ. ಆಕಾಶಮಾರ್ಗದಲ್ಲಿ ನಾಗಪುರದಿಂದ ಮುಂಬಯಿಗೆ ಸುಮಾರು 700 ಕಿ.ಮೀ., ದಿಲ್ಲಿಗೆ 850, ಮದ್ರಾಸಿಗೆ 900, ಕಲ್ಕತ್ತಕ್ಕೂ ಸಾವಿರದೊಳಗೇ. ನಾಲ್ಕು ವಿಮಾನಗಳು ರಾತ್ರಿ ಹೊರಟು ನಾಗಪುರದ ಸೋನೆಗಾಂವ್ ನಿಲ್ದಾಣದಲ್ಲಿ ಕೂಡಿ, ಚೀಲಗಳನ್ನು ಅದಲುಬದಲು ಮಾಡಿಕೊಂಡು, ಬೆಳಗಾಗುವಷ್ಟರಲ್ಲಿ ತಮ್ಮ ತಮ್ಮ ಊರಿಗೆ ಮರಳಬಹುದು. ಹನ್ನೆರಡರ ಕೆಲಸ ಎಂಟು ಗಿಡ್ಡ ಹಾರಾಟಗಳಲ್ಲಿ ಮುಗಿಯಿತು. ಎಷ್ಟು ಸರಳ, ಎಷ್ಟು ಸುಂದರ ಲೆಕ್ಕ!

ವಿಮಾನ ನಿಲ್ದಾಣದ ಜಾಗವನ್ನು ಸಾಮಾನ್ಯವಾಗಿ ನೆಲವೇ ತೀರ್ಮಾನಿಸುತ್ತದೆ. ನಮ್ಮ ಮಂಗಳೂರಿನಲ್ಲಿ ಕಡಲು ಪಕ್ಕದಲ್ಲೇ ಇದ್ದರೂ 1951ರಲ್ಲಿ ವಿಮಾನ ಇಳಿದದ್ದು ಬಜಪೆಯ ಗುಡ್ಡದ ಮೇಲೆ. ಆದರೆ ನಾಗಪುರಕ್ಕೆ ಈ ಪಾತ್ರ ಕೊಟ್ಟದ್ದು ದೂರದ ಲೆಕ್ಕ. ಬ್ರಿಟಿಷ್ ವಾಯುಪಡೆ ಯುದ್ಧಕಾಲದಲ್ಲಿ ಬಳಸಿದ್ದ ನಿಲ್ದಾಣವೂ ಅಲ್ಲಿ ಸಿದ್ಧವಾಗಿತ್ತು.

ರಫಿ ಅಹಮದ್ ಕಿದ್ವಾಯಿ ಸಂಪರ್ಕ ಸಚಿವರಾಗಿದ್ದಾಗ, 1949ರ ಜನವರಿ 30ರಂದು ರಾತ್ರಿ ವಿಮಾನ ಅಂಚೆ ಶುರುವಾಯಿತು. ಅದೇ ವರ್ಷ ಏಪ್ರಿಲ್‌ನಿಂದ ಒಳನಾಡಿನ ಸಾಮಾನ್ಯ ಪತ್ರಗಳೂ ಹೆಚ್ಚಿನ ಶುಲ್ಕವಿಲ್ಲದೆ ವಿಮಾನ ಏರತೊಡಗಿದವು. ನನಗೆ ಈ ಕತೆಯಲ್ಲಿ ಅತಿ ದೊಡ್ಡದೆನಿಸುವುದು ಇದೇ: ಬಡವನ ಕಾಗದಕ್ಕೂ ರೆಕ್ಕೆ ಬಂತು.

ಅದಕ್ಕೆ ಜೀವದ ಬೆಲೆಯೂ ತೆರಬೇಕಾಯಿತು. 1953ರ ಡಿಸೆಂಬರ್ 12ರಂದು ಸೋನೆಗಾಂವ್‌ನಿಂದ ಮದ್ರಾಸಿನತ್ತ ಮೇಲೇರಿದ ಡಕೋಟಾದ ಎಂಜಿನ್ ಕೆಟ್ಟು, ವಿಮಾನ ಬಿದ್ದು 13 ಮಂದಿ ಸತ್ತರು. ಸೇವೆ ನಿಲ್ಲಲಿಲ್ಲ.

1973ರ ಏಪ್ರಿಲ್‌ನಲ್ಲಿ ಅಮೆರಿಕದ ಫೆಡರಲ್ ಎಕ್ಸ್‌ಪ್ರೆಸ್ ಕಂಪನಿ ಮೆಂಫಿಸ್‌ನಲ್ಲಿ ಇದೇ ರೀತಿ ರಾತ್ರೋರಾತ್ರಿ ಪೊಟ್ಟಣಗಳನ್ನು ಕೂಡಿಸಿ ಹಂಚತೊಡಗಿತು. ವ್ಯಾಪಾರ ನಿರ್ವಹಣೆಯ ಪಾಠಗಳಲ್ಲಿ ಅದಕ್ಕೆ ದೊಡ್ಡ ಹೆಸರು. ಅದಕ್ಕೂ 24 ವರ್ಷ ಮೊದಲೇ ಇದನ್ನು ಮಾಡಿ ತೋರಿಸಿದ ಸೋನೆಗಾಂವ್‌ಗೂ ಆ ಪಾಠಗಳಲ್ಲಿ ಜಾಗ ಸಿಗಲೇಬೇಕು.